ಮಗ್ಗದ ಬಾಗಿಲಲ್ಲಿ ಕೂತವರು

ಬನಹಟ್ಟಿಯಲ್ಲಿ ಸೀರೆ ಕೊಳ್ಳಲು ನಾನು ಹೋಗಿದ್ದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಮಿಲಿಟರಿಯಲ್ಲಿದ್ದು ಬಂದವರು. ಒಳಗೆ ಅವರ ಮಗನ ಪವರ್‌ಲೂಮ್‌ಗಳು. ಕರೆಂಟ್ ಹೋಗಿದ್ದರಿಂದ ಓಣಿಯೆಲ್ಲ ಸುಮ್ಮನಿತ್ತು. ನಾನು ಅವರ ಪಕ್ಕದಲ್ಲಿ ಕುಳಿತೆ.

“ಮಗ್ಗದ ಸಪ್ಪಳ ನನಗ ಗುಂಡಿನ ಸಪ್ಪಳಧಂಗ ಕೇಳತೈತ್ರಿ,” ಎಂದರು, ಇವತ್ತಿನ ಬಿಸಿಲಿನ ಬಗ್ಗೆ ಮಾತಾಡುವವರ ಹಾಗೆ. “ಲಡಾಯಿ ಮುಗಿಸಿ ಬಂದಾಗಿಂದ ಹಿಂಗ.”

“ಹಂಗಾರ ಇಲ್ಲ್ಯಾಕ ಕೂಡ್ತೀರಿ?”

“ನನ್ನ ಸಲುವಾಗಿ ಮಗ್ಗ ಮಾರ್ತೀನಿ ಅಂತಾನ ಮಗ. ನನ್ನ ಅಂಜಿಕಿಗೆ ಅವನ ಅನ್ನ ಯಾಕ ಹೋಗಬೇಕು? ನಾ ತಾಳಲಾರದ ಎದ್ದು ಹೋದ ದಿನ ಅವ ಮಾರತಾನ. ಅದಕ್ಕ ಕುಂತೀನಿ.”

ಅಷ್ಟರಲ್ಲಿ ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಡಿಯತೊಡಗಿದವು. ಅವರು ನನ್ನ ಮುಂಗೈ ಹಿಡಿದುಕೊಂಡರು. ಹಣೆಯಲ್ಲಿ ಬೆವರು ಮೂಡಿತು. ಬೆನ್ನು ಮಾತ್ರ ಬಾಗಲಿಲ್ಲ. ಅವರ ಮನೆಯ ಮಗ್ಗಗಳಷ್ಟೇ ಇನ್ನೂ ನಿಂತಿದ್ದವು.

ಮಗ ಬಾಗಿಲಿಗೆ ಬಂದು ಬೇಡಿಕೊಂಡ: “ಯಪ್ಪಾ, ನೀ ಗುಡಿಕಡೆ ಹೋಗು. ಆಮ್ಯಾಲ ಚಾಲೂ ಮಾಡ್ತೀನಿ.”

“ಯಾಕಲೇ, ನಮ್ಮ ಮಗ್ಗಕ್ಕಷ್ಟ ಇವತ್ತ ಸೂಟಿ ಏನು? ಚಾಲೂ ಮಾಡು!”

ಮಗ ನನ್ನತ್ತ ನೋಡಿದ. ಅವನು ಒಳಗೆ ಹೋಗಿ ಬಟನ್ ಒತ್ತಿದ. ಕೂತ ಕಟ್ಟೆಯೇ ನಡುಗಿತು. ಮುದುಕರ ಉಗುರುಗಳು ನನ್ನ ಮುಂಗೈಯಲ್ಲಿ ನಾಟಿದವು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಆ ಸಪ್ಪಳವನ್ನೂ ಮೀರಿ ಅವರು ಕೂಗಿದರು:

“ನಿಮ್ಮೂರಾಗ ಮಳಿ ಹೆಂಗೈತ್ರಿ? ಜೋರ್ಲೆ ಹೇಳ್ರಿ, ನಾ ಇಲ್ಲೇ ಅದೀನಿ!”