ಟ್ರಾಮ್ ಪಕ್ಕದ ಮನೆ, ನನ್ನ ಕೈಯ ಗಂಜಿ

ಒಲೆಯ ಮೇಲೆ ಗಂಜಿ ಗಟ್ಟಿಯಾಗುತ್ತಿತ್ತು, ಮನೆಗೆ ಒಬ್ಬರೂ ಬಂದಿರಲಿಲ್ಲ.

ಸಮೋಸ ಕರಿದಿಟ್ಟಿದ್ದೆ. ತಟ್ಟೆಯಲ್ಲಿ ಖರ್ಜೂರ ಜೋಡಿಸಿದ್ದೆ. ದಿನದ ಉಪವಾಸ, ರೋಜಾ ಬಿಡುವ ಹೊತ್ತಿಗೆ ಸರಿಯಾಗಿ ಫೋನ್ ಬಂತು.

ನನ್ನ ಗೆಳತಿ ನಸ್ರೀನ್. "ಬೇಜಾರು ಮಾಡ್ಕೋಬೇಡ ಕಣೇ ಶಬಾನಾ. ನಿಮ್ಮನೆ ಕಡೆ ಬಸ್ಸು ಹೊರಟೋಗಿತ್ತಂತೆ, ಎಲ್ಲಾ ಟ್ರಾಮ್ ಹತ್ತಿ ಇಲ್ಲೇ ಇಳ್ಕೊಂಡ್ಬಿಟ್ರು. ಇಫ್ತಾರ್ ಟೈಮ್ ಆಯ್ತಲ್ಲ, ಇದ್ದಿದ್ದನ್ನೇ ಕೊಟ್ಟೆ."

ಅವಳ ಹಿಂದೆ ನಗು ಕೇಳಿಸುತ್ತಿತ್ತು. ನಾನು ಕರೆದಿದ್ದ ಜನರ ನಗು...

ಇದು ತೊಂಬತ್ತರ ದಶಕದ ಕೊನೆಯ ಮಾತು, ರಾಟರ್‌ಡ್ಯಾಮ್‌ನಲ್ಲಿ. ಆಗ ರಂಜಾನ್ ಡಿಸೆಂಬರ್‌ನಲ್ಲಿ ಬರುತ್ತಿತ್ತು. ಅಲ್ಲಿ ಡಿಸೆಂಬರ್ ಅಂದರೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಆಫೀಸ್‌ನಿಂದ ಓಡಿ ಬಂದವರು ಯಾರ ಮನೆ ಹತ್ತಿರವೋ ಅಲ್ಲೇ ರೋಜಾ ಬಿಡಬೇಕು.

ಹಿಂದಿನ ವರ್ಷದವರೆಗೆ ಎಲ್ಲರಿಗೂ ಹತ್ತಿರವಾದ ಆ ಮನೆ ನಮ್ಮದಾಗಿತ್ತು. ಊರ ನಡುವೆ, ಸೆಂಟರ್‌ನಲ್ಲಿ ಎರಡೇ ರೂಮಿನ ಬಾಡಿಗೆ ಮನೆ. ಜಾಗ ಸಾಲದೆ ಮೆಟ್ಟಿಲ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು.

ತುಮಕೂರಿನಲ್ಲಿ ಅಮ್ಮಿಯಿಂದ ಕಲಿತ ರಂಜಾನ್ ಗಂಜಿ. ಆ ದೇಶದಲ್ಲಿ ನನಗೆ ಕೆಲಸವಿರಲಿಲ್ಲ, ಡಚ್ ಬರುತ್ತಿರಲಿಲ್ಲ. ನನ್ನನ್ನು ನಾಲ್ಕು ಜನ ಗುರುತಿಸುತ್ತಿದ್ದರೆ ಅದು ಆ ಗಂಜಿಯಿಂದ ಮಾತ್ರ.

ಅಲ್ಲಿರುವಾಗಲೇ ಸ್ವಂತ ಮನೆಯ ಹುಚ್ಚು ಹಿಡಿಯಿತು. ನಸ್ರೀನ್ ಮನೆಯವರೂ ನಾವೂ ಜೊತೆಗೇ ನೋಡಲು ಹೋಗಿದ್ದೆವು. ನದಿಯಾಚೆ ಹಳೇ ಬಂದರಿನ ಜಾಗ. ಎಲ್ಲೆಲ್ಲೂ ಮರಳು, ತುಕ್ಕು ಹಿಡಿದ ಕ್ರೇನ್, ಕಿವಿ ಕೊಯ್ಯುವ ಗಾಳಿ. ಮಧ್ಯೆ ಹೊಸದಾಗಿ ಹಾಕಿದ ಟ್ರಾಮ್ ಹಳಿ, ಅದರ ಪಕ್ಕ ಅರ್ಧ ಎದ್ದ ಒಂದೇ ಒಂದು ಫ್ಲ್ಯಾಟ್.

ನನ್ನ ಗಂಡ ಇಮ್ತಿಯಾಜ್ ಬೆಂಗಳೂರಿನವರು. "ಇಲ್ಲಿ ಟ್ರಾಮ್ ಯಾರು ಹತ್ತಾರೆ, ಕಾಗೆಗಳಾ? ಮನೆ ಅಂದ್ರೆ ಕೆಳಗೆ ನಮ್ದು ಅಂತ ಮಣ್ಣಿರ್ಬೇಕು. ಜನ ಬಂದ್ಮೇಲೆ ರೋಡು, ಬಸ್ಸು ತಾನಾಗೇ ಬರುತ್ತೆ" ಅಂದರು.

ಬೆಂಗಳೂರಿನಲ್ಲಿ ಸೈಟ್ ಕೊಂಡವರೆಲ್ಲ ಬಲ್ಲ ಸತ್ಯವದು. ನಾನೂ ತಲೆಯಾಡಿಸಿದೆ. ಊರಾಚೆ, ಹಿಂದೊಂದು ತೋಟ, ಮುಂದೆ ಕಾರು ನಿಲ್ಲಿಸಲು ಜಾಗ ಇರುವ ಮನೆಗೇ ಸಹಿ ಹಾಕಿದೆವು.

ನಸ್ರೀನ್ ಆ ಮರಳಿನ ಮಧ್ಯೆ ನಾಲ್ಕನೇ ಮಹಡಿ ಹಿಡಿದಳು. ಅಯ್ಯೋ ಪಾಪ ಅಂದುಕೊಂಡಿದ್ದೆ.

ಎರಡೂ ಮನೆ ಕಟ್ಟಿ ಮುಗಿಯಲು ಒಂದೆರಡು ವರ್ಷ ಹಿಡಿಯಿತು. ಆ ಬೇಸಿಗೆಯಲ್ಲಷ್ಟೇ ನಾವು ಹೊಸ ಮನೆಗೆ ಹೋಗಿದ್ದೆವು, ಅವಳೂ ಆಗಲೇ ಹೋಗಿದ್ದಳು. ಅಂದು ಫ್ಲ್ಯಾಟ್ ನೋಡಿ ಬಂದ ಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಫೋನ್ ಬಂದ ಮರುದಿನ ನೋಡಿಯೇ ಬಿಡೋಣ ಅಂತ ಹೊರಟೆ. ಸ್ಟೇಷನ್‌ನಿಂದ ಟ್ರಾಮ್ ಹತ್ತಿದರೆ ಹೊಸ ಸೇತುವೆ ದಾಟಿ ಅವಳ ಬಾಗಿಲಲ್ಲೇ ಇಳಿಸಿತು.

ಯಾವ ಮರಳು, ಯಾವ ಕ್ರೇನ್?

ಕೆಳಗೆ ಬೇಕರಿ. ಪಕ್ಕದಲ್ಲಿ ಮೊರಾಕ್ಕೊದವರ ಹಲಾಲ್ ಅಂಗಡಿ. ಮೂಲೆಯಲ್ಲಿ ಶಾಲೆ. ಹಳಿಯ ಎರಡೂ ಬದಿಗೆ ಫ್ಲ್ಯಾಟ್‌ಗಳು ಏಳುತ್ತಲೇ ಇವೆ. ಅವಳಿಗೆ ಕೊತ್ತಂಬರಿ ಬೇಕಾದರೆ ಚಪ್ಪಲಿ ಮೆಟ್ಟಿ ಕೆಳಗಿಳಿಯುತ್ತಾಳೆ. ನಾನು ಇಮ್ತಿಯಾಜ್ ಕಾರು ತರುವವರೆಗೆ ಕಾಯುತ್ತೇನೆ.

ಉಪವಾಸದ ಹೊಟ್ಟೆ ಎಷ್ಟು ಉರಿಯಬೇಕೋ ಅದಕ್ಕಿಂತ ಹೆಚ್ಚೇ ಉರಿಯಿತು.

"ಬಸ್ಸಾದ್ರೆ ನಾಳೆ ಬೇರೆ ರೋಡಲ್ಲಿ ಓಡಿಸ್ಬಹುದು. ಹಳಿ ಕಿತ್ಕೊಂಡು ಹೋಗಕ್ಕಾಗಲ್ವಲ್ಲ" ಅಂದಳು ನಸ್ರೀನ್. "ಅದನ್ನ ನಂಬ್ಕೊಂಡೇ ಬಿಲ್ಡರು, ಅಂಗಡಿಯೋರು ಎಲ್ಲಾ ಇಲ್ಲಿಗೆ ಬರ್ತಾರೆ. ಇಲ್ಲಿ ಟ್ರಾಮ್ ಮೊದ್ಲು, ಊರು ಆಮೇಲೆ."

ಅಂದು ಫ್ಲ್ಯಾಟ್ ತೋರಿಸಿದ ಬಿಲ್ಡರ್ ಕಡೆಯ ಹೆಂಗಸು ಇದನ್ನೇ ಹೇಳಿದ್ದಳಂತೆ. ಆಗ ನಾವೂ ಅಲ್ಲೇ ಇದ್ದೆವು. ಕಾರ್ ಪಾರ್ಕಿಂಗ್ ಎಲ್ಲಿ ಅಂತ ಕೇಳುತ್ತಿದ್ದೆವು, ಅಷ್ಟೇ.

ಸರಿ, ಜನ ನನ್ನ ಮನೆಗೆ ಬರದಿದ್ದರೆ ಗಂಜಿಯೇ ಜನರ ಹತ್ತಿರ ಹೋಗಲಿ ಅಂತ ಹಟ ಹಿಡಿದೆ. ಪಾತ್ರೆಗೆ ಕಂಬಳಿ ಸುತ್ತಿ, ಶಾಪಿಂಗ್ ಟ್ರಾಲಿಯಲ್ಲಿಟ್ಟು, ಮಧ್ಯಾಹ್ನವೇ ಬಸ್ಸು, ಆಮೇಲೆ ಟ್ರಾಮ್ ಹಿಡಿದು ನಸ್ರೀನ್ ಮನೆಗೆ. ರಂಜಾನ್ ಮುಗಿಯುವವರೆಗೂ ಹೀಗೇ.

ನಸ್ರೀನ್ ತಾನು ಗಂಜಿ ಮಾಡುವುದನ್ನೇ ಬಿಟ್ಟಳು. "ನಿಂದಿರುವಾಗ ನಂದ್ಯಾಕೆ?" ಅಂದಳು. ಅವಳು ಒಳ್ಳೆಯವಳೂ ಆಗಿದ್ದದ್ದು ಇನ್ನೂ ಕಷ್ಟ. ಮನಸಾರೆ ಬೈಯಲೂ ಆಗುತ್ತಿರಲಿಲ್ಲ.

ದಿನಕ್ಕೊಂದಿಷ್ಟು ಹೊಸ ಮುಖ. ಟ್ರಾಮ್ ಇಳಿದು ಮೇಲೆ ಬರುತ್ತಾರೆ, ನಸ್ರೀನ್ ಬಾಗಿಲಲ್ಲೇ ಗಂಜಿಯ ಲೋಟ ಕೊಡುತ್ತಾಳೆ, ಕುಡಿದು ಮುಂದಿನ ಟ್ರಾಮ್ ಹತ್ತುತ್ತಾರೆ. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿರುತ್ತೇನೆ.

ಈದ್ ದಿನ ನಮಾಜ್ ಮುಗಿಸಿ ಹಾಲ್‌ನಿಂದ ಹೊರಬಂದಾಗ ಪಕ್ಕದ ಊರು ಡೆಲ್ಫ್ಟ್‌ನಲ್ಲಿ ಓದುವ ಒಬ್ಬ ಹುಡುಗಿ ಪರಿಚಯವಾದಳು. ದಾವಣಗೆರೆಯವಳು.

"ಆಂಟಿ, ನೀವು ತುಂಬಾ ದೂರ ಇರ್ತೀರಂತೆ, ಪಾಪ. ಮುಂದಿನ್ ವರ್ಷ ಒಂದಿನನಾದ್ರೂ ನಸ್ರೀನ್ ಆಂಟಿ ಮನೆಗೆ ಬನ್ನಿ. ಅವರ ಕೈ ಗಂಜಿ ಕುಡೀಬೇಕು ನೀವು, ಥೇಟ್ ಊರಿಂದೇ."

ಪಕ್ಕದಲ್ಲಿದ್ದ ನಸ್ರೀನ್ ಬಾಯಿ ತೆರೆಯುವಷ್ಟರಲ್ಲಿ ನಾನೇ "ಬರ್ತೀನಮ್ಮ" ಅಂದುಬಿಟ್ಟೆ.

ನೀವೇ ಹೇಳಿ, ನಾನು ಹೊಟ್ಟೆಕಿಚ್ಚು ಪಡಬೇಕಾದದ್ದು ನಸ್ರೀನ್ ಮೇಲಾ, ಆ ಟ್ರಾಮ್ ಮೇಲಾ?