ಎಲ್ಲರನ್ನೂ ನಮ್ಮವರೆಂದ ಅಂಕಲ್

ನಶ್ಯ ಹಿಡಿದು ಹಿಡಿದು ಅವರ ತೋರುಬೆರಳಿನ ಉಗುರು ಕಂದಾಗಿತ್ತು. ಆ ಬೆರಳು ಮೇಲೆದ್ದರೆ ಮುಗಿಯಿತು, ಈಜಿಪ್ಟಿನಿಂದ ಪೆರುವರೆಗೆ ಎಲ್ಲರೂ ಮೂಲದಲ್ಲಿ ಹಿಂದೂಗಳೇ ಎಂದು ತೀರ್ಮಾನವಾಗುವ ತನಕ ಕೆಳಗಿಳಿಯುತ್ತಿರಲಿಲ್ಲ. ಸಿಡ್ನಿಯ ಎಪ್ಪಿಂಗ್ ಬಡಾವಣೆಯ ಈ ಇಂಜಿನಿಯರ್ ಅಂಕಲ್ ಓದಿದ್ದು ಸೇತುವೆ ಕಟ್ಟುವುದನ್ನು, ಬುರುಡೆ ಬಿಟ್ಟಿದ್ದೆಲ್ಲ ಚರಿತ್ರೆಯ ಬಗ್ಗೆ. ತೊಂಬತ್ತರ ಸುಮಾರಿಗೆ ನಾವು ಸಿಡ್ನಿಗೆ ಬಂದಿಳಿದಾಗ ಗಿರಾವೀನ್ ಬಡಾವಣೆಯಲ್ಲಿ ಮನೆ ಹುಡುಕಿಕೊಟ್ಟವರು ಅವರೇ. ಅದಕ್ಕೇ ಸಹಿಸಿಕೊಂಡೆ.

ಹತ್ತಿರದ ದಿನಸಿ ಅಂಗಡಿ ಲೆಬನಾನಿನ ಟ್ರಿಪೋಲಿಯಿಂದ ಬಂದ ಆಂಟಿಯದು. ನನ್ನ ಬಾಣಂತನದಲ್ಲಿ ಸೂಪು ಮಾಡಿ ತಂದುಕೊಟ್ಟವರು. ಅವರು ಅಲವಿಗಳು, ಪ್ರವಾದಿಯ ಅಳಿಯ ಅಲಿಯನ್ನು ಎಲ್ಲರಿಗಿಂತ ಮಿಗಿಲೆಂದು ನಂಬುವ ಮುಸ್ಲಿಮರು. ಧರ್ಮದ ಒಳಗುಟ್ಟನ್ನು ಗಂಡಸರಿಗಷ್ಟೇ ಕಲಿಸುತ್ತಾರಂತೆ. "ಹಬ್ಬದ ಅಡುಗೆ ಮಾಡೋದು ನಾನು, ಬಾಗಿಲು ಹಾಕ್ಕೊಂಡು ಪ್ರಾರ್ಥನೆ ಮಾಡೋದು ಅವರು" ಎಂದು ಆಂಟಿ ನಗುತ್ತಿದ್ದರು.

ಒಮ್ಮೆ ನಮ್ಮ ಮನೆಯಲ್ಲಿ ಟೀ ಕುಡಿಯುತ್ತ ಆಂಟಿ, ಸತ್ತವರು ಮತ್ತೆ ಹುಟ್ಟುತ್ತಾರೆಂದು ತಮ್ಮವರು ನಂಬುವುದನ್ನು ಹೇಳಿದರು. ಅಂಕಲ್ ಅಲ್ಲೇ ಇದ್ದರು. ಬೆರಳು ಎದ್ದಿತು. "ಪುನರ್ಜನ್ಮ! ನೋಡಮ್ಮ, ನಾನು ಹೇಳ್ಲಿಲ್ವಾ?"

ಆ ಶನಿವಾರವೇ ಅಂಗಡಿಗೆ ಹೋದರು, ಮಹಾ ಸಂಶೋಧಕರು! ನಾನೂ ಅಲ್ಲಿದ್ದೆ. ಆಂಟಿಯ ಊರಿನ ಸುನ್ನಿಗಳೇ ಗಿರಾಕಿಗಳಾಗಿ ತುಂಬಿದ್ದರು. ಊರಲ್ಲಿ ಅಲವಿಗಳಿಗೂ ಸುನ್ನಿಗಳಿಗೂ ನಡುವೆ ಗುಂಡು ಹಾರಿ ಹೆಚ್ಚು ಕಾಲವಾಗಿರಲಿಲ್ಲ. ಇಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಂಕಲ್ ಬಾಗಿಲಿಂದಲೇ ಕೂಗಿದರು: "ಮೇಡಂ, ಯೂ ಆರ್ ನಾಟ್ ಮುಸ್ಲಿಮ್ ಅಟ್ ಆಲ್! ಯೂ ಆರ್ ಅವರ್ ಪೀಪಲ್!"

ಆಂಟಿಯ ಮುಖ ಬಿಳಿಚಿತು. ಗಿರಾಕಿಯೊಬ್ಬ ಬುಟ್ಟಿ ಕೆಳಗಿಟ್ಟು ಹೊರಟುಹೋದ, ಇನ್ನಿಬ್ಬರು ಅವನ ಹಿಂದೆ ಹೋದರು.

"ಮುಸ್ಲಿಮರಲ್ಲ ಅನ್ನೋ ಆ ಒಂದು ಮಾತು ಹೇಳಿಯೇ ನಮ್ಮ ಹಿರಿಯರನ್ನ ಕೊಂದ್ರು. ಉಳಿದವರು ಬೆಟ್ಟ ಹತ್ತಿ ಜೀವ ಉಳಿಸ್ಕೊಂಡ್ರು" ಎಂದರು ಆಂಟಿ ನನಗೆ, ಆಮೇಲೆ. ಅಂಕಲ್‌ಗೆ ಹೇಳಿದರೆ, "ಅಯ್ಯೋ, ಹೊಗಳಿದ್ದೂ ತಪ್ಪೇನಮ್ಮ?" ಎಂದು ನಶ್ಯ ಏರಿಸಿದರು. ಥೂ! ಇಷ್ಟು ಓದಿದವರಿಗೆ ಎದುರಿಗಿದ್ದವರ ಮುಖ ಓದಲು ಬರಲಿಲ್ಲ.

ವ್ಯಾಪಾರ ಬಿದ್ದುಹೋಯಿತು. ಆಂಟಿ ಅಂಗಡಿ ಮಾರಿ ಮೆಲ್ಬರ್ನ್‌ಗೆ, ಅಣ್ಣನ ಮನೆಗೆ ಹೊರಟರು.

ಕೆಲವು ವರ್ಷಗಳ ನಂತರ ಅಂಕಲ್ ತೀರಿಕೊಂಡರು. ಮನೆ ಹುಡುಕಿಕೊಟ್ಟ ಋಣಕ್ಕೆ ಹೋಗಿ ಹೂವಿಟ್ಟು ಬಂದೆ, ಕಣ್ಣೀರು ಬರಲಿಲ್ಲ. ಆಂಟಿಗೆ ಫೋನ್ ಮಾಡಿ ತಿಳಿಸಿದೆ. "ಪಾಪ" ಎಂದರು. ಅವರ ಹೊಸ ನೆರೆಯವರ ಬಗ್ಗೆ ಕೇಳಿದೆ.

"ಒಳ್ಳೇ ಜನ" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಲ್ಲಿ ನಾವು ಯಾರು ಅಂತ ಯಾರಿಗೂ ಹೇಳಿಲ್ಲ. ನನ್ನ ಮೊಮ್ಮಕ್ಕಳಿಗೂ ಹೇಳಿಲ್ಲ."