ನಿಮ್ಮ ಮನೆಯಲ್ಲಿ ಹಗೆ ಇದೆಯೇ?

"ನಿಮ್ಮ ಮನೆಯಲ್ಲಿ ಹಗೆ ಇದೆಯೇ?" ಎಂದು ಕೇಳಿಕೊಂಡು ಒಂದು ಇಡೀ ಮಳೆಗಾಲ ನಾನು ನರಗುಂದದ ಓಣಿಗಳನ್ನು ಸುತ್ತಿದ್ದೇನೆ. ಪ್ರಶ್ನೆ ನನ್ನದಲ್ಲ. ನಮ್ಮ ಸಂಶೋಧನಾ ತಂಡದ ಮುಖ್ಯಸ್ಥರು ಕರಾವಳಿ ಕಡೆಯ ಭೂವಿಜ್ಞಾನಿ. ನೆಲದೊಳಗೆ ಜೋಳ ತುಂಬಿಡುವ ಹಳೆಯ ಕಣಜಕ್ಕೆ ಹಗೆ ಎನ್ನುತ್ತಾರೆಂದು ಎಲ್ಲೋ ಓದಿ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಹಾಗೆಯೇ ಅಚ್ಚು ಹಾಕಿಸಿದ್ದರು. ಪದ ತಪ್ಪಲ್ಲ, ಆದರೆ ನಮ್ಮ ಕಡೆ ಅದನ್ನು ಹಗೇವು ಅನ್ನುತ್ತಾರೆ. ಬರೀ ಹಗೆ ಅಂದರೆ ವೈರ. ಮೊದಲ ದಿನವೇ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಗಿ ಯಾರ ಮನ್ಯಾಗ ಇಲ್ಲಬೇ? ಸೊಸಿ ಒಳಗ ಅದಾಳ, ಆಕೀನ್ನ ಕೇಳ ಹೋಗು."

ನಗುವ ಕೆಲಸವಾಗಿರಲಿಲ್ಲ. ಊರಿನ ಕೆಳಗೆ ನೀರು ಮೇಲೇರುತ್ತಿತ್ತು. ಹಿತ್ತಲ ಬಾವಿಗಳಲ್ಲಿ ಬಗ್ಗಿದರೆ ಕೈಗೆ ನೀರು ತಾಗುತ್ತಿತ್ತು, ಗೋಡೆಗಳು ಬುಡದಿಂದ ಉಪ್ಪು ಉಗುಳುತ್ತಿದ್ದವು. ತಲೆಮಾರುಗಳ ಹಿಂದೆ ತೋಡಿ, ಬರಿದಾದ ಮೇಲೆ ಬಾಯಿಗೆ ಬಂಡೆ ಮುಚ್ಚಿ ಮರೆತ ಹಗೇವುಗಳೊಳಗೆ ಆ ನೀರು ಹೊಕ್ಕು ಮಣ್ಣಿನ ಗೋಡೆಗಳನ್ನು ಕರಗಿಸುತ್ತಿತ್ತು. ಇದ್ದಕ್ಕಿದ್ದ ಹಾಗೆ ಯಾರದೋ ಪಡಸಾಲೆ ಕುಸಿಯುತ್ತಿತ್ತು, ಯಾರದೋ ದನದ ಕೊಟ್ಟಿಗೆ. ಯಾವ ಮನೆಯ ಕೆಳಗೆ ಟೊಳ್ಳಿದೆ ಎಂದು ಮುಂಚಿತವಾಗಿ ಹೇಳುವುದೇ ನಮ್ಮ ಕೆಲಸ. ಗಜೇಂದ್ರಗಡದ ಕಾಲೇಜೊಂದರಲ್ಲಿ ಕಟ್ಟಡಗಳ ಅಡಿಪಾಯದ ಪಾಠ ಹೇಳುವ ನನ್ನನ್ನು, ತಾಯಿಯ ತವರು ನರಗುಂದ ಎಂಬ ಕಾರಣಕ್ಕೆ ತಂಡಕ್ಕೆ ಸೇರಿಸಿಕೊಂಡಿದ್ದರು.

ನಮ್ಮ ಹತ್ತಿರ ಒಂದು ಯಂತ್ರವಿತ್ತು. ಕಾಯಿಪಲ್ಲೆಯ ತಳ್ಳುಗಾಡಿಯ ಹಾಗೆ ನೆಲದ ಮೇಲೆ ನೂಕಿಕೊಂಡು ಹೋದರೆ ಒಳಗಿನ ಟೊಳ್ಳಿನ ಚಿತ್ರ ಪರದೆಯ ಮೇಲೆ ಮೂಡಬೇಕು. ಮೂಡಲಿಲ್ಲ. ನೆನೆದ ಕರಿ ಮಣ್ಣು ಅದು ಕಳಿಸುವ ಅಲೆಗಳನ್ನೆಲ್ಲ ನುಂಗಿಬಿಡುತ್ತಿತ್ತು. ಕೊನೆಗೆ ವಿಜ್ಞಾನ ಬಂದು ನಿಂತದ್ದು ಮನೆಯವರ ಬಾಯಿಮಾತಿನ ಮೇಲೆ.

ಬಾಯಿ ಬಿಡುವವರು ಯಾರು? ಹಗೇವು ಎಲ್ಲಿದೆ ಎಂದು ಕೇಳುವುದು, ನಿಮ್ಮ ಮನೆಯಲ್ಲಿ ಬಂಗಾರ ಎಲ್ಲಿಟ್ಟಿದ್ದೀರಿ ಎಂದು ಕೇಳಿದಷ್ಟೇ ಸೊಗಸು. ಲೂಟಿಯವರಿಗೆ, ಕಂದಾಯದವರಿಗೆ, ಬರಗಾಲದಲ್ಲಿ ಬೀಗರಿಗೆ ಕೂಡ ಗೊತ್ತಾಗದ ಹಾಗೆ ಬಚ್ಚಿಡುತ್ತಿದ್ದ ಜಾಗ ಅದು. ತಂದೆ ಹಿರಿಯ ಮಗನಿಗೆ ಮಾತ್ರ ಹೇಳುತ್ತಿದ್ದ. ಹೆಣ್ಣುಮಕ್ಕಳಿಗೆ ಹೇಳುವಂತಿಲ್ಲ, ಅವರು ಬೇರೆ ಮನೆಗೆ ಹೋಗುವವರು. ಸೊಸೆಯಂದಿರಿಗೂ ಹೇಳುವಂತಿಲ್ಲ, ಅವರು ಬೇರೆ ಮನೆಯಿಂದ ಬಂದವರು. ಒಳಗೆ ಕಾಳಿಲ್ಲದೆ ಎಷ್ಟೋ ಕಾಲವಾಗಿದ್ದರೂ ಗುಟ್ಟು ಮಾತ್ರ ಹಾಗೇ ಉಳಿದಿತ್ತು.

ನನ್ನ ಸೋದರಮಾವನ ಮನೆಗೂ ಹೋದೆ. ಮಾವ ಕಾಳಿನ ದಲಾಲಿ ಮಾಡುವ ಅಡತಿ ಅಂಗಡಿಯವನು, ಪೇಟೆಯಲ್ಲಿ ಮಾತಿಗೆ ತೂಕವಿದ್ದವನು. ಮನೆ ನಡುವೆ ಗೋಡೆ ಎದ್ದು ಎರಡಾಗಿತ್ತು. ಆಚೆ ಭಾಗದಲ್ಲಿ ಅವನ ತಮ್ಮನ ಸಂಸಾರ. ಪಾಲಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

"ಮಾಮಾ, ನಿಮ್ಮ ಮನ್ಯಾಗ ಹಗೇವು ಐತೇನು?" ಎಂದೆ.

"ಇಲ್ಲ" ಅಂದ. ನನ್ನ ಮುಖ ನೋಡಿಯೇ ಅಂದ.

ಅತ್ತೆ, ಅಂದರೆ ಮಾವನ ಹೆಂಡತಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಗ್ಯಾಸಿನ ಒಲೆ ಕಟ್ಟೆಯ ಮೇಲಿದ್ದರೂ ರೊಟ್ಟಿಗೆ ಮಾತ್ರ ಅವಳಿಗೆ ನೆಲವೇ ಬೇಕು. "ಸಾಲಿ ಕಲಿಸೋದು ಬಿಟ್ಟು ಮಂದಿ ಮನಿ ತಳಾ ನೋಡ್ಕೋತ ತಿರಗತೀದಿ. ಕುಂದ್ರ ಬಾ, ಬಿಸಿ ರೊಟ್ಟಿ ತಿನ್ನು" ಎಂದು ಗದರಿಸಿ, ರೊಟ್ಟಿ ಮುರಿದು ಬೆಣ್ಣೆ ಹಚ್ಚಿ ಕೈಗೆ ಕೊಟ್ಟಳು. ಹುಟ್ಟಿದಾಗಿನಿಂದ ನನಗೆ ಅವಳು ಹೀಗೆಯೇ ಕೊಡುತ್ತ ಬಂದವಳು. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ತಿಂದೆ. ಹೊರಗೆ ಬಂದು ಮುಂದಿನ ಮನೆಯ ಬಾಗಿಲು ಬಡಿದೆ.

ಮಳೆ ಜಡಿ ಹಿಡಿದಿದ್ದ ಒಂದು ಬೆಳಿಗ್ಗೆ ಗಜೇಂದ್ರಗಡಕ್ಕೆ ಫೋನ್ ಬಂತು. ಅಡುಗೆಮನೆಯ ನೆಲ ಕುಸಿದು ಅತ್ತೆ ಒಳಗೆ ಹೋಗಿದ್ದಳು. ರೊಟ್ಟಿಯ ಸಪ್ಪಳ ಒಮ್ಮೆಲೇ ನಿಂತಿತಂತೆ, ಅಷ್ಟೇ ಗೊತ್ತಾದದ್ದು. ಅರ್ಧ ನೀರು, ಅರ್ಧ ರಾಡಿ ತುಂಬಿದ್ದ ಹಗೇವಿನಿಂದ ಅವಳನ್ನು ಎತ್ತಿ ದವಾಖಾನೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹೋಗಿ ನೋಡಿದಾಗ ಅವಳ ಉಗುರ ಸಂದಿಯಲ್ಲಿ ಹಿಟ್ಟೂ ಇತ್ತು, ಕರಿ ಮಣ್ಣೂ ಇತ್ತು. ದುಃಖಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ, ಮುಚ್ಚಿಟ್ಟದ್ದರ ಫಲ ಕಣ್ಣ ಮುಂದೆಯೇ ಮಲಗಿತ್ತು.

ಮಣ್ಣು ಮಾಡಿ ಬಂದೆವು. ಅಡುಗೆಮನೆಯೇ ಇಲ್ಲದ ಮನೆಗೆ ಊಟ ಗೋಡೆಯಾಚೆಯಿಂದ ಬರತೊಡಗಿತು. ಮಾತು ಬಿಟ್ಟದ್ದನ್ನು ಮರೆತು ತಮ್ಮ ಬಂದು ಅಣ್ಣನ ಪಕ್ಕ ಕೂತ. ತಮ್ಮನ ಹೆಂಡತಿ ಬಂದ ನೆಂಟರಿಗೆಲ್ಲ ಒಬ್ಬಳೇ ಬೇಯಿಸಿ ಹಾಕುತ್ತಿದ್ದಳು. ಮಾವ ಮಾತ್ರ ಒಂದು ತುತ್ತು ಮುಟ್ಟಲಿಲ್ಲ. ತಾಟು ಮುಂದಿಟ್ಟಾಗಲೆಲ್ಲ ಅದೊಂದೇ ಮಾತು: "ಇದನ್ನ ಎಲ್ಲಿ ಮಾಡ್ಯಾರ?"

"ಎಲ್ಲಿ ಅಂದ್ರ? ಅವರ ಅಡಗೀಮನ್ಯಾಗ" ಎಂದೆ.

ಮುಖ ತಿರುಗಿಸಿದ. ನನ್ನ ಮೈ ಉರಿಯಿತು. ಹೆಂಡತಿ ಸತ್ತರೂ ಈ ಮನುಷ್ಯನಿಗೆ ಪಾಲಿನ ಜಗಳವೇ ದೊಡ್ಡದಾಯಿತಲ್ಲ, ತಮ್ಮನ ಮನೆಯ ಅನ್ನ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲವಲ್ಲ ಎಂದುಕೊಂಡೆ. ಹಗೆ ಅಂದರೆ ಇದೇ, ಮುಖ್ಯಸ್ಥರು ಸರಿಯಾಗಿಯೇ ಬರೆದಿದ್ದರು ಎಂದು ಮನಸ್ಸಿನಲ್ಲೇ ಚುಚ್ಚಿದೆ.

ಮರುದಿನ ಮುಂಜಾನೆ ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತವನ ಎದುರು ಹೋಗಿ ಕೂತೆ.

"ಗೊತ್ತಿತ್ತಲ್ಲ ಮಾಮಾ ನಿನಗ. ಯಾಕ ಇಲ್ಲ ಅಂದಿ?"

"ಹೇಳಬ್ಯಾಡ ಅಂತ ಅಪ್ಪ ಕೈ ಮ್ಯಾಲೆ ಕೈ ಹಾಕಿಸಿಕೊಂಡಿದ್ದ. ನಲವತ್ತು ವರ್ಷ ಇಲ್ಲ ಅಂದು ರೂಢಿ ಆಗಿತ್ತವಾ. ನೀ ಕೇಳಿದಿ, ಬಾಯಿ ತಾನಽ ಇಲ್ಲ ಅಂತು."

ಅಷ್ಟರಲ್ಲಿ ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ಸುರುವಾಯಿತು. ಪಟ ಪಟ ಪಟ. ಮಾವನ ಮುಖದ ಬಣ್ಣ ಹೋಯಿತು. ಅವನು ಊಟ ಬಿಟ್ಟದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು. ಆ ಮನೆಯೂ ಮೊದಲು ಇದೇ ಮನೆ. ಗೋಡೆ ಎದ್ದದ್ದು ಮೇಲೆ, ಕೆಳಗಲ್ಲ.

"ಮಾಮಾ, ಆಚೀ ಕಡೆ ಇನ್ನೊಂದು ಐತೇನು?"

ಅವನು ನನ್ನ ಕೈ ಹಿಡಿದುಕೊಂಡ. "ಎದ್ದು ಹೊರಗ ಬಾ ಅಂತ ಹೇಳವಾ ಆಕೀಗೆ. ಲಗೂ ಹೋಗು."

ಓಡಿದೆ. ತಮ್ಮನ ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ಬಿಟ್ಟು, ಅಂಗಳಕ್ಕೆ ಎಳೆದುಕೊಂಡು ಬಂದೆ. ಅವಳ ಗಂಡ, ನೆಂಟರು ಎಲ್ಲ ಹೊರಗೆ ಬಂದರು. ಮಾವ ಗೋಡೆ ಹಿಡಿದುಕೊಂಡು ಬಂದು, ಅವಳು ಕೂತಿದ್ದ ಜಾಗದ ಕಡೆ ಕೈ ತೋರಿಸಿ, ಇನ್ನೊಂದು ಹಗೇವು ಅಲ್ಲೇ ಇದೆ ಎಂದು ಹೇಳಿದ. ಆಮೇಲೆ ನಮ್ಮ ತಂಡ ಬಂದು ಕೊರೆದು ನೋಡಿದಾಗ ಹಗೇವಿನ ಬಾಯಿ ಅಲ್ಲಿಯೇ ಇತ್ತು, ನೀರು ಬಂಡೆಗೆ ತಾಗಿತ್ತು.

ಆದರೆ ಅಂಗಳದಲ್ಲಿ ಆ ಹೊತ್ತು ನನಗೆ ನೆನಪಿರುವುದು ಬೇರೆ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಆಕೆಯೂ ಮದುವೆಯಾಗಿ ಬಂದಾಗಿನಿಂದ ಆಡಿದವಳಲ್ಲ. ಅವತ್ತು ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡು, ಮುಖವೆತ್ತಿ ಅವನನ್ನೇ ನೋಡಿದಳು.

"ಅಕ್ಕಗ ಯಾಕ ಹೇಳಲಿಲ್ರಿ?"

ಮಾವ ಸೀದು ಹೋದ ರೊಟ್ಟಿಯ ಹೊಗೆ ಬರುತ್ತಿದ್ದ ಬಾಗಿಲನ್ನೇ ನೋಡುತ್ತ ನಿಂತ. ಒಳಗೆ ಹೋಗಿ ಒಲೆ ಆರಿಸಲು ಯಾರಿಗೂ ಧೈರ್ಯವಾಗಲಿಲ್ಲ.